ಮುಳ್ಳಿನ ಸುಳ್ಳು

ಹೋದ ಮಳೆಗಾಲದಲ್ಲಿ ಅಣ್ಣನ ಮಗ ಮುರುಡೇಶ್ವರದಿಂದ ರಾತ್ರಿ ಬಸ್ಸು ಹತ್ತಿ ಬಂದ. ಎಂದಿನ ಹಾಗೆ ಚೀಲದಲ್ಲಿ ಮುರುಗಲ ಸಿಪ್ಪೆ, ಒಣಸಿಗಡಿ ಇರಲಿಲ್ಲ. ಬೈರಾಸಿನಲ್ಲಿ ಸುತ್ತಿದ, ಡೈವಿಂಗ್ ಟ್ಯಾಂಕಿನ ಗಾಳಿಯ ಒತ್ತಡ ತೋರಿಸುವ ಆರು ಗೇಜುಗಳಿದ್ದವು. ಅವನು ಪ್ರವಾಸಿಗರನ್ನು ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು ಸ್ಕೂಬಾ ಡೈವಿಂಗ್ ಮಾಡಿಸುವವನು. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ, ಅತ್ತ ದೋಣಿ ಹೋಗುವುದಿಲ್ಲ. ಸಾಮಾನಿನ ರಿಪೇರಿಗೆ ಅದೇ ಕಾಲ.

"ಅತ್ತೆ, ಒಂದೇ ಟ್ಯಾಂಕು, ಒಂದೇ ಹೊತ್ತು. ಒಂದು ಗೇಜು 203 ಬಾರ್ ಅಂತು, ಇನ್ನೊಂದು 190 ಅಂತು. ಯಾವುದನ್ನ ನಂಬಬೇಕು, ನೀವೇ ಹೇಳಿ," ಎಂದ.

"ನೀನು ಯಾವುದನ್ನ ನಂಬಿದೆ?"

"190ರದ್ದನ್ನ. ಕಮ್ಮಿ ತೋರಿಸಿದರೆ ನಮಗೆ ಒಳ್ಳೆಯದೇ ಅಲ್ವಾ? ಬೇಗ ಮೇಲೆ ಬರ್ತೀವಿ."

ಇಪ್ಪತ್ತೊಂಬತ್ತು ವರ್ಷ ನಾನು ಪೀಣ್ಯದ ಒಂದು ಪ್ರಯೋಗಾಲಯದಲ್ಲಿ ಪ್ರೆಷರ್ ಗೇಜುಗಳನ್ನು ತಪಾಸಣೆ ಮಾಡುತ್ತಾ ಕಳೆದವಳು. ಬಾಯ್ಲರಿನ ಗೇಜು, ಆಮ್ಲಜನಕದ ಗೇಜು, ಹೈಡ್ರಾಲಿಕ್ ಪ್ರೆಸ್ಸಿನ ಗೇಜು ಎಲ್ಲ ಕೈಮೇಲೆ ಹಾದು ಹೋಗಿವೆ. ಆದರೂ ಅವನ ಮಾತು ನನಗೂ ಸರಿಯೆನಿಸಿತು. ಜಿಪುಣ ಗೇಜು ಕೊಲ್ಲುವುದಿಲ್ಲ, ಧಾರಾಳಿ ಗೇಜು ಕೊಲ್ಲುತ್ತದೆ ಎಂದು ನಾನೇ ಹೊಸಬರಿಗೆ ಹೇಳಿಕೊಡುತ್ತಿದ್ದೆ. ಆ 203ರ ಗೇಜೇ ಕೆಟ್ಟದ್ದಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಎಷ್ಟು ತಪ್ಪು ಎಂಬುದು ಎರಡು ದಿನದ ನಂತರ ಮೇಜಿನ ಮೇಲೆ ತಿಳಿಯಿತು. ಅದನ್ನು ಹೇಳುವ ಮುಂಚೆ ಗೇಜಿನ ಈ ಮುಳ್ಳು ಡೈವರನ ಕೈಗೆ ಬಂದ ದಾರಿಯನ್ನು ಹೇಳಬೇಕು.

ಮುಳುಗುವವರು ಬಹಳ ಕಾಲ ಗೇಜನ್ನೇ ಕಂಡವರಲ್ಲ. ಹತ್ತೊಂಬತ್ತನೆಯ ಶತಮಾನದ ತಾಮ್ರದ ಹೆಲ್ಮೆಟ್ಟಿನ ಡೈವರನಿಗೆ ಗಾಳಿ ಬರುತ್ತಿದ್ದದ್ದು ದೋಣಿಯ ಮೇಲಿನ ಕೈಪಂಪಿನಿಂದ. ಗೇಜು ಇದ್ದರೆ ಅದೂ ಪಂಪಿನ ಮೇಲೆಯೇ. ಓದುವವನು ಮೇಲೆ, ಉಸಿರಾಡುವವನು ಕೆಳಗೆ. ಬ್ರಿಟಿಷ್ ನೌಕಾಪಡೆಗಾಗಿ 1905ರಿಂದ ಆಳದ ಮುಳುಗನ್ನು ಅಧ್ಯಯನ ಮಾಡಿದ ಜಾನ್ ಸ್ಕಾಟ್ ಹಾಲ್ಡೇನ್ ಮೊದಲು ಪಂಪುಗಳನ್ನೇ ಪರೀಕ್ಷೆಗೆ ಒಡ್ಡಿದ. ಹಿಡಿಕೆ ಎಷ್ಟು ಸುತ್ತು ತಿರುಗಿತು ಎಂಬ ಲೆಕ್ಕ ಸರಿಯಿತ್ತು. ಆದರೆ ಒತ್ತಡ ಏರಿದಂತೆ ಪಂಪು ಸೋರುತ್ತಿತ್ತು, ಲೆಕ್ಕದಲ್ಲಿದ್ದ ಗಾಳಿ ಕೆಳಗಿನವನಿಗೆ ತಲುಪುತ್ತಿರಲಿಲ್ಲ. ಡೈವರುಗಳು ಆಳದಲ್ಲಿ ಏದುಸಿರು ಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣವಾಗಿತ್ತು.

ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯುವ ಯೋಚನೆ ಅದಕ್ಕೂ ಹಳೆಯದು. ಫ್ರಾನ್ಸಿನ ಗಣಿ ಎಂಜಿನಿಯರ್ ಬೆನುವಾ ರೂಕೆರೋಲ್ ಮತ್ತು ನೌಕಾಧಿಕಾರಿ ಒಗುಸ್ತ್ ದೆನೆರೂಜ್ 1860ರ ದಶಕದಲ್ಲಿ ಅಂಥದೊಂದು ಉಪಕರಣ ಮಾಡಿದ್ದರು. ಜೂಲ್ಸ್ ವರ್ನ್ ತನ್ನ ಕಡಲಾಳದ ಕಾದಂಬರಿಯಲ್ಲಿ ಅದನ್ನೇ ಪಾತ್ರಗಳ ಬೆನ್ನಿಗೇರಿಸಿದ. ಕಾದಂಬರಿಯಲ್ಲಿ ಗಾಳಿ ಬೇಕಾದಷ್ಟು ಬಂತು, ಆದರೆ ಆ ಕಾಲದ ಪಂಪುಗಳಿಗೆ ಇಂದಿನ 200 ಬಾರ್ ಒತ್ತಡದ ಹತ್ತಿರ ಸುಳಿಯಲೂ ಆಗುತ್ತಿರಲಿಲ್ಲ. ನಾವಿಂದು ಕಾಣುವ ಸ್ಕೂಬಾ ಹುಟ್ಟಿದ್ದು 1943ರಲ್ಲಿ, ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನಲ್ಲಿ. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಿನಲ್ಲಿ ಓಡುತ್ತಿದ್ದ ಕಾರುಗಳಿಗೆ ಕವಾಟ ಮಾಡುತ್ತಿದ್ದ ಎಂಜಿನಿಯರ್ ಎಮಿಲ್ ಗಾನ್ಯಾನ್, ಆ ಕವಾಟವನ್ನೇ ಮಾರ್ಪಡಿಸಿ ನೌಕಾಪಡೆಯ ಜಾಕ್ ಕುಸ್ತೋಗೆ ಕೊಟ್ಟ. ಉಸಿರೆಳೆದಾಗ ಮಾತ್ರ ಗಾಳಿ ಬಿಡುವ ಕವಾಟ ಅದು.

ಟ್ಯಾಂಕಿನಲ್ಲಿ ಉಳಿದದ್ದೆಷ್ಟು ಎಂದು ನೀರಿನೊಳಗೆ ತಿಳಿಯಲು ಆ ತಲೆಮಾರಿನ ಡೈವರುಗಳಿಗೆ ಗೇಜು ಇರಲಿಲ್ಲ. ದಡದಲ್ಲಿ ಒಮ್ಮೆ ಒತ್ತಡ ನೋಡಿ, ಗೇಜು ಬಿಚ್ಚಿಟ್ಟು, ಗಡಿಯಾರ ನಂಬಿ ಇಳಿಯುತ್ತಿದ್ದರು. 1950ರ ದಶಕದಲ್ಲಿ ಅದಕ್ಕೊಂದು ಕಾವಲು ಬಂತು. ಅದು ಜೆ-ವಾಲ್ವ್. ಅಮೆರಿಕದ ಕಂಪನಿಯೊಂದರ ಕ್ಯಾಟಲಾಗಿನಲ್ಲಿ ಸಾದಾ ಕವಾಟದ ಎದುರು ಕೆ ಅಕ್ಷರವೂ ಇದರ ಎದುರು ಜೆ ಅಕ್ಷರವೂ ಇತ್ತು, ಹೆಸರು ಹಾಗೇ ನಿಂತಿತು. ಒಳಗೊಂದು ಸ್ಪ್ರಿಂಗು. ಟ್ಯಾಂಕಿನ ಒತ್ತಡ ಸುಮಾರು 20 ಬಾರ್‌ಗೆ ಇಳಿದಾಗ ಸ್ಪ್ರಿಂಗು ಮೇಲುಗೈಯಾಗಿ ದಾರಿ ಮುಚ್ಚುತ್ತದೆ, ಉಸಿರು ಬಿಗಿಯುತ್ತದೆ. ಆಗ ಬೆನ್ನ ಹಿಂದೆ ಕೈ ಹಾಕಿ ಸರಳನ್ನು ಎಳೆದರೆ ಉಳಿದ ಗಾಳಿ ಬಿಡುಗಡೆಯಾಗುತ್ತದೆ. ಸರಳು ದೋಣಿಯಂಚಿಗೋ ಬಂಡೆಗೋ ತಗುಲಿ ಮೊದಲೇ ಕೆಳಗಿಳಿದಿದ್ದರೆ? ಬಿಗಿತದ ಎಚ್ಚರಿಕೆಯೇ ಬರುವುದಿಲ್ಲ. ಕೊನೆಯ ಗಾಳಿಯೂ ಸದ್ದಿಲ್ಲದೆ ಮುಗಿದಿರುತ್ತದೆ, ಎಳೆದರೆ ಏನೂ ಸಿಗುವುದಿಲ್ಲ. ನೀರಿನೊಳಗೆ ಓದಬಹುದಾದ ಗೇಜು 1960ರ ದಶಕದಲ್ಲಿ ಕಾಣತೊಡಗಿ, ಎಪ್ಪತ್ತರ ದಶಕದಲ್ಲಿ ಎಲ್ಲರ ಮೆದುಗೊಳವೆಯ ತುದಿಗೂ ಬಂತು.

ಆ ಗೇಜಿನ ಹೊಟ್ಟೆಯೊಳಗಿನ ಕಸುಬು ಮಾತ್ರ ಡೈವಿಂಗಿಗಿಂತ ಹಳೆಯದು, ಉಗಿಯಂತ್ರದ ಕಾಲದ್ದು. ಪ್ಯಾರಿಸಿನ ಯುಜೀನ್ ಬೂರ್ದೋನ್ 1849ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಉಗಿಯಂತ್ರಕ್ಕೆಂದು ಸುರುಳಿ ಕೊಳವೆ ಬಾಗಿಸುತ್ತಿದ್ದಾಗ ಅದು ಚಪ್ಪಟೆಯಾಯಿತಂತೆ. ಮತ್ತೆ ದುಂಡಗೆ ಮಾಡಲು ಒಳಗೆ ಒತ್ತಡ ಹಾಕಿದಾಗ ಇಡೀ ಸುರುಳಿ ಬಿಚ್ಚಿಕೊಳ್ಳತೊಡಗಿತು ಎಂದು ಕಸುಬಿನವರು ಕಥೆ ಹೇಳುತ್ತಾರೆ. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇಜಿನೊಳಗೆ ಅಂಥದೇ ಚಪ್ಪಟೆ ಕೊಳವೆ ಬಾಗಿ ಕೂತಿರುತ್ತದೆ. ಒಂದು ತುದಿ ಭದ್ರ, ಇನ್ನೊಂದು ಸ್ವತಂತ್ರ. ಒತ್ತಡ ಬಂದರೆ ಸ್ವತಂತ್ರ ತುದಿ ಕೂದಲೆಳೆಯಷ್ಟು ಸರಿಯುತ್ತದೆ. ಒಂದು ಕೊಂಡಿ, ಹಲ್ಲಿನ ಒಂದು ಬಿಲ್ಲೆ, ಒಂದು ಪುಟ್ಟ ಹಲ್ಲುಗಾಲಿ ಸೇರಿ ಆ ಸರಿತವನ್ನು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬೂರ್ದೋನ್ ಪದಕ ಪಡೆದ. ಅಣ್ಣನ ಮಗ ಬೈರಾಸಿನಲ್ಲಿ ಸುತ್ತಿ ತಂದ ಆರರಲ್ಲೂ ಇದ್ದದ್ದು ಅದೇ ಕೊಳವೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮೇಸ್ತ್ರಿಯನ್ನು ಕೇಳಿದ್ದೆ: ಈ ಗೇಜನ್ನು ಮಾಸ್ಟರ್ ಗೇಜಿಗೆ ಹೋಲಿಸುತ್ತೇವೆ, ಸರಿ. ಮಾಸ್ಟರ್ ಗೇಜನ್ನು ಯಾವುದಕ್ಕೆ? ಅವರು ನಕ್ಕು, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲಮ್ಮ, ಹಾಗೇ ಹಿಂದೆ ಹಿಂದೆ ಹೋಗು, ಕೊನೆಗೆ ಪಾದರಸ ಸಿಗುತ್ತೆ," ಎಂದಿದ್ದರು.

ಪಾದರಸಕ್ಕೆ ಹಲ್ಲುಗಾಲಿ ಇಲ್ಲ, ಸ್ಪ್ರಿಂಗಿಲ್ಲ. ಕಂಬ ಎಷ್ಟು ಎತ್ತರ ನಿಂತಿತೋ ಅಷ್ಟೇ ಒತ್ತಡ. ಇಟಲಿಯ ಟೊರಿಚೆಲ್ಲಿ 1640ರ ದಶಕದಲ್ಲಿ ತೋರಿಸಿದಂತೆ ನಮ್ಮ ಮೇಲಿನ ವಾಯುಮಂಡಲವನ್ನು ತೂಗಲು 76 ಸೆಂಟಿಮೀಟರ್ ಪಾದರಸ ಸಾಕು. ಸ್ಕೂಬಾ ಟ್ಯಾಂಕಿನ 200 ಬಾರ್ ತೂಗಲು ಎಷ್ಟು ಬೇಕು? ಸುಮಾರು 150 ಮೀಟರ್. ಅಷ್ಟು ಎತ್ತರದ ಕಂಬ ಎಲ್ಲಿ ನಿಲ್ಲಿಸುತ್ತೀರಿ? ಫ್ರಾನ್ಸಿನ ಎಮಿಲ್ ಅಮಗಾ ಅದಕ್ಕಾಗಿ ನೆಲದೊಳಗೆ ಇಳಿದ. 1879ರ ಹೊತ್ತಿಗೆ ಸೇಂಟ್ ಎಟಿಯೆನ್ ಬಳಿಯ ಗಣಿಯೊಂದರ 327 ಮೀಟರ್ ಆಳದ ಬಾವಿಯಲ್ಲಿ ಪಾದರಸದ ಕಂಬ ನಿಲ್ಲಿಸಿ 430 ವಾಯುಮಾನದವರೆಗೆ ಅಳೆದ. ಲೂಯಿ ಕಯ್ಯೆತೆ ಮೇಲಕ್ಕೆ ಹತ್ತಿದ. ಪ್ಯಾರಿಸಿನ ಐಫೆಲ್ ಗೋಪುರ ಆಗಷ್ಟೇ ಎದ್ದಿತ್ತು. ಇಪ್ಪತ್ತು ವರ್ಷದ ಪರವಾನಗಿ ಮುಗಿದ ಮೇಲೆ ಅದನ್ನು ಕೆಡವುವ ಮಾತಿತ್ತು, ವಿಜ್ಞಾನಕ್ಕೆ ಉಪಯೋಗವಿದೆ ಎಂದು ತೋರಿಸುವ ಅಗತ್ಯ ಗುಸ್ತಾವ್ ಐಫೆಲನಿಗೂ ಇತ್ತು. 1891ರಲ್ಲಿ ಕಯ್ಯೆತೆ ಗೋಪುರದ ಬುಡದಿಂದ ತುದಿಯವರೆಗೆ ಸಣ್ಣ ಉಕ್ಕಿನ ಕೊಳವೆ ಹಾಯಿಸಿ 300 ಮೀಟರಿನ ಪಾದರಸ ಮಾಪಕ ಕಟ್ಟಿದ. ಪಾದರಸ ಎಲ್ಲಿವರೆಗೆ ಏರಿತೆಂದು ನೋಡಲು ಅಲ್ಲಲ್ಲಿ ಗಾಜಿನ ಕೊಳವೆಗಳು. ಅದು 400 ವಾಯುಮಾನದವರೆಗೆ ಅಳೆಯುತ್ತಿತ್ತು. ಗೋಪುರ ನೋಡಲು ಹೋದ ನಮ್ಮವರು ಫೋಟೊ ಕಳಿಸಿದಾಗಲೆಲ್ಲ ನಾನು ಕಬ್ಬಿಣದ ಮಧ್ಯೆ ಆ ಕೊಳವೆ ಹೋಗಿದ್ದ ದಾರಿ ಹುಡುಕುತ್ತೇನೆ.

ದಿನಾ ಗೋಪುರ ಹತ್ತಲಾಗದವರಿಗೆ ಬಂದದ್ದು ಡೆಡ್ ವೆಯ್ಟ್ ಟೆಸ್ಟರ್. ನನ್ನ ಕಣ್ಣಿಗೆ ಇದಕ್ಕಿಂತ ಪ್ರಾಮಾಣಿಕ ಯಂತ್ರ ಇನ್ನೊಂದಿಲ್ಲ. ಅಡ್ಡಗಲ ನಿಖರವಾಗಿ ಗೊತ್ತಿರುವ ಉಕ್ಕಿನ ಪಿಸ್ಟನ್ನು, ಅದರ ಮೇಲೆ ತೂಕದ ಬಿಲ್ಲೆಗಳು, ಕೆಳಗೆ ಎಣ್ಣೆ. ಪಿಸ್ಟನ್ನು ತೇಲುವವರೆಗೆ ಪಂಪು ಮಾಡಬೇಕು. ತೇಲಿದ ಮೇಲೆ ಬಿಲ್ಲೆಗಳನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಡಬೇಕು, ಉಜ್ಜಾಟ ಹೋಗಲಿ ಎಂದು. ತೂಕವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಸಿಕ್ಕಿತು. ಊರಿನ ಗುರುತ್ವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರಿನಲ್ಲಿ ಅದು ಸುಮಾರು 9.78, ಪುಸ್ತಕದ ಪ್ರಮಾಣ 9.80665. ಇದನ್ನು ಮರೆತರೆ 200 ಬಾರ್‌ನಲ್ಲಿ ಅರ್ಧ ಬಾರ್ ತಪ್ಪಾಗುತ್ತದೆ. ಆ ಪಿಸ್ಟನ್ನಿನ ವಿಸ್ತೀರ್ಣಕ್ಕೆ ಪ್ರಮಾಣಪತ್ರ ಬರುವ ಸರಪಳಿಯ ಕೊನೆಯ ಕೊಂಡಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. 1950ರ ಜನವರಿ 21ರಂದು ಸರ್ದಾರ್ ಪಟೇಲರು ಅದನ್ನು ಉದ್ಘಾಟಿಸಿದರು, ಕೆ. ಎಸ್. ಕೃಷ್ಣನ್ ಮೊದಲ ನಿರ್ದೇಶಕರು. ಹಳ್ಳಿಯ ಅಂಗಡಿಯ ಸೇರು ಪಾವುಗಳಿಗೆ ಸರಕಾರದ ಮುದ್ರೆ ಬೀಳುತ್ತಿತ್ತಲ್ಲ, ಇದು ಅದರದೇ ದೊಡ್ಡ ರೂಪ.

ಹೀಗೆ ಹೋಲಿಸಿ ನೋಡುವ ಪದ್ಧತಿಗೆ ಬಾಯ್ಲರಿನವರು ಕಾನೂನಿನಲ್ಲೇ ಜಾಗ ಮಾಡಿದ್ದಾರೆ. ನಮ್ಮ ದೇಶದ ಬಾಯ್ಲರ್ ನಿಯಮಗಳ ಪ್ರಕಾರ ಪ್ರತಿ ಬಾಯ್ಲರಿಗೂ ಕಾರ್ಖಾನೆಯ ಗೇಜಲ್ಲದೆ ಇನ್ನೊಂದು ಜೋಡಣೆ ಇರಲೇಬೇಕು, ತನಿಖೆಗೆ ಬರುವ ಅಧಿಕಾರಿ ತನ್ನ ಗೇಜನ್ನು ಸಿಕ್ಕಿಸಲು. ಕಾರ್ಖಾನೆಯ ಗೇಜು ಏನು ಹೇಳುತ್ತದೆ, ಅಧಿಕಾರಿಯದ್ದು ಏನು ಹೇಳುತ್ತದೆ, ಎದುರುಬದುರಾಗಿ ನೋಡುವುದು. ಡೈವರನಿಗೆ ಅಂಥ ಎರಡನೆಯ ತೂತಿನ ಭಾಗ್ಯವಿಲ್ಲ. ನೀರಿನೊಳಗೆ ಅವನ ಬಳಿ ಇರುವುದು ಒಂದೇ ಮುಳ್ಳು.

ಇನ್ನು ಆ ಆರು ಗೇಜುಗಳ ವಿಷಯ. ಹಳೆಯ ಸಹೋದ್ಯೋಗಿಯೊಬ್ಬರ ಪ್ರಯೋಗಾಲಯದ ಮೂಲೆಯ ಮೇಜು ಸಿಕ್ಕಿತು. ಎಣ್ಣೆಯ ಟೆಸ್ಟರ್ ಹತ್ತಿರಕ್ಕೆ ಇವನ್ನು ಒಯ್ಯುವಂತಿಲ್ಲ. ಉಸಿರಾಡುವ ಗಾಳಿಯ ದಾರಿಗೆ ಎಣ್ಣೆ ಸೇರಬಾರದು, ಆಮ್ಲಜನಕ ಹೆಚ್ಚಿಸಿದ ಗಾಳಿಯಾದರೆ ಬೆಂಕಿಯ ಅಪಾಯ ಬೇರೆ. ಹಾಗಾಗಿ ತುಂಬಿದ ಟ್ಯಾಂಕನ್ನೇ ತರಿಸಿ, ಒಂದು ಕವಲಿಗೆ ಮಾಸ್ಟರ್ ಗೇಜು, ಇನ್ನೊಂದಕ್ಕೆ ಪರೀಕ್ಷೆಯ ಗೇಜು, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡಲು, ಹೊರಹಾಕಲು ಎರಡು ಸೂಜಿ ಕವಾಟ ಜೋಡಿಸಿದೆವು. ಟ್ಯಾಂಕು ತೆರೆಯುವಾಗ ಗೇಜಿನ ಮುಖವನ್ನು ಆಚೆ ತಿರುಗಿಸಿದೆ. ಕೊಳವೆ ಒಡೆದರೆ ಗಾಜು ಮುಖಕ್ಕೆ ಹಾರದಿರಲಿ ಎಂದು ಡೈವರುಗಳೂ ಹೀಗೇ ಮಾಡುತ್ತಾರೆ. ಉಗುರಿನಷ್ಟು ಜಾಗದ ಮೇಲೆ ಎರಡು ಕ್ವಿಂಟಾಲ್ ಅಕ್ಕಿ ಹೇರಿದಷ್ಟು ಒತ್ತಡ ಅದು, ಅಸಡ್ಡೆ ಸಲ್ಲದು.

ಅಣ್ಣನ ಮಗನ ಮೊದಲ ಗುಮಾನಿ ಬಿಸಿಯ ಮೇಲಿತ್ತು. ಅದು ಸುಳ್ಳಲ್ಲ. ಮುಚ್ಚಿದ ಗಾಳಿ ಕಾದರೆ ಒತ್ತಡ ಏರುತ್ತದೆ, ಆರಿದರೆ ಇಳಿಯುತ್ತದೆ ಎಂದು ಫ್ರಾನ್ಸಿನ ಗಿಯೋಮ್ ಅಮೊಂತೋನ್ 1700ರ ಸುಮಾರಿಗೇ ತೋರಿಸಿದ್ದ. ಕಂಪ್ರೆಸರ್ ಕೋಣೆಯಲ್ಲಿ 45 ಡಿಗ್ರಿಗೆ ಕಾದ ಟ್ಯಾಂಕು 200 ತೋರಿಸಿದರೆ, 28 ಡಿಗ್ರಿಯ ಕಡಲಿಗೆ ಇಳಿದಾಗ ಒಂದು ಹನಿ ಗಾಳಿಯೂ ಸೋರದೆ 189ರ ಹತ್ತಿರ ಬಂದಿರುತ್ತದೆ. ದೋಣಿಯಲ್ಲಿ ಆಗುವ ಅರ್ಧ ಜಗಳ ಇಷ್ಟರದ್ದೇ. ಆದರೆ ಇವನ ಎರಡು ಗೇಜುಗಳು ಒಂದೇ ಟ್ಯಾಂಕನ್ನು ಒಂದೇ ಹೊತ್ತಿನಲ್ಲಿ ನೋಡಿದ್ದವು. ಬಿಸಿಗೆ ಇಲ್ಲಿ ಪಾತ್ರವಿರಲಿಲ್ಲ.

ಮಾಸ್ಟರ್ ಗೇಜನ್ನು 50, 100, 150, 200 ಎಂದು ಏರಿಸುತ್ತಾ ಹೋದೆವು. ಧಾರಾಳಿ ಎಂದು ನಾವು ಬೈದ ಗೇಜು ಎಲ್ಲ ಕಡೆ ಎರಡು ಮೂರು ಬಾರ್ ಹೆಚ್ಚು ಹೇಳಿತು, 200ಕ್ಕೆ 203. ಇಷ್ಟು ಸಣ್ಣ ಡಯಲ್ಲಿಗೆ ಅದು ತಪ್ಪೇ ಅಲ್ಲ. ಜಿಪುಣ ಗೇಜು 200ಕ್ಕೆ 190 ಹೇಳಿತು. "ನೋಡಿ ಅತ್ತೆ, ಇದು ಕಮ್ಮಿನೇ," ಎಂದು ಹುಡುಗ ಬರೆದುಕೊಂಡ.

"ಎಲ್ಲಿಗೆ ಓಡ್ತೀಯ ಮಾರಾಯ, ಇನ್ನೂ ಇಳಿಸಿಲ್ಲ," ಎಂದೆ.

ಮೆಲ್ಲಗೆ ಗಾಳಿ ಬಿಡುತ್ತಾ ಬಂದೆವು. ಮಾಸ್ಟರ್ 150 ಎಂದಾಗ ಜಿಪುಣ ಗೇಜು 159. ಮಾಸ್ಟರ್ 100, ಇದು 110. ಮಾಸ್ಟರ್ 50, ಇದು 61. ಗಾಜಿನ ಮೇಲೆ ಉಗುರಿನಿಂದ ಒಮ್ಮೆ ತಟ್ಟಿದೆ. ಮುಳ್ಳು ನಿದ್ದೆಯಿಂದ ಎದ್ದ ಹಾಗೆ ಬೆಚ್ಚಿ 52ಕ್ಕೆ ಬಿತ್ತು. ಗಾಳಿಯನ್ನೆಲ್ಲ ಹೊರಗೆ ಬಿಟ್ಟಾಗ 9ರಲ್ಲಿ ನಿಂತಿತು. ಇನ್ನೊಮ್ಮೆ ತಟ್ಟಿದರೆ ಸೊನ್ನೆಯ ಮೊಳೆಗೆ ಒರಗಿತು.

ಹುಡುಗ ಸುಮ್ಮನಾದ. ನಾನೂ.

ಕಸುಬಿನಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ನಮ್ಮ ಮೇಸ್ತ್ರಿ "ಮುಳ್ಳಿನ ಹಟ" ಎನ್ನುತ್ತಿದ್ದರು. ಹಲ್ಲುಗಾಲಿ ಬಿಗಿದಿದ್ದರೆ ಮುಳ್ಳು ಎತ್ತ ಹೋಗಬೇಕೋ ಅತ್ತ ಹೋಗಲು ಹಿಂಜರಿಯುತ್ತದೆ. ಏರುವಾಗ ಹಿಂದೆ ಉಳಿಯುತ್ತದೆ, ಅಂದರೆ ಕಡಿಮೆ ತೋರಿಸುತ್ತದೆ. ಇಳಿಯುವಾಗಲೂ ಹಿಂದೆ ಉಳಿಯುತ್ತದೆ, ಅಂದರೆ ಹೆಚ್ಚು ತೋರಿಸುತ್ತದೆ. ಬಾಯ್ಲರ್ ನೋಡಿಕೊಳ್ಳುವವನಿಗೆ ಏರಿಕೆಯ ಭಯ. ಡೈವರನ ಬದುಕೆಲ್ಲ ಇಳಿಕೆಯಲ್ಲೇ. ದೋಣಿಯಲ್ಲಿ ಒಮ್ಮೆ ಮುಳ್ಳು ಏರುವುದನ್ನು ನೋಡುತ್ತಾನೆ, ಆಮೇಲೆ ಪ್ರತಿ ಉಸಿರಿಗೂ ಅದು ಇಳಿಯುವುದೇ. ದೋಣಿಯಲ್ಲಿ ಕಡಿಮೆ ತೋರಿಸಿ ವಿಶ್ವಾಸ ಗಿಟ್ಟಿಸಿಕೊಂಡ ಗೇಜು ನೀರಿನಲ್ಲಿ ಹೆಚ್ಚು ತೋರಿಸಿ ಮೋಸ ಮಾಡುತ್ತಿತ್ತು. ಹನ್ನೊಂದು ಲೀಟರಿನ ಟ್ಯಾಂಕಿನಲ್ಲಿ 11 ಬಾರ್ ಸುಳ್ಳೆಂದರೆ 121 ಲೀಟರ್ ಗಾಳಿ. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕು. ಎರಡು ನಿಮಿಷದ ಉಸಿರು ಡಯಲ್ಲಿನ ಮೇಲಿತ್ತು, ಟ್ಯಾಂಕಿನಲ್ಲಿರಲಿಲ್ಲ.

ಬಿಚ್ಚಿ ನೋಡಿದೆ. ಹಲ್ಲುಗಾಲಿಯ ಬುಡದಲ್ಲಿ ಹಸಿರು ಕಿಲುಬು, ಅದರ ಮೇಲೆ ಉಪ್ಪಿನ ಹರಳು. ಯಾವಾಗಲೋ ಸೀಲು ಸಡಿಲಾಗಿ ಕಡಲ ನೀರು ಒಳಗೆ ಬಂದು ಒಣಗಿತ್ತು. ಕಳೆದ ವರ್ಷ ಸರ್ವಿಸ್ ಮಾಡಿಸಿದ್ದೇವೆ ಎಂದ ಹುಡುಗ. ಮಾಡಿದವರು ಒಂದೇ ಒಂದು ಸಲ, ಏರಿಕೆಯಲ್ಲಿ ಮಾತ್ರ ನೋಡಿ ಚೀಟಿ ಅಂಟಿಸಿದ್ದರು. ಚೀಟಿಯ ಮೇಲೆ ತಾರೀಕು ಚೆನ್ನಾಗಿಯೇ ಇತ್ತು.

ಈಗ ಎಲ್ಲ ಡಿಜಿಟಲ್, ಮುಳ್ಳಿನ ಕಾಲ ಮುಗಿಯಿತು ಎನ್ನುವವರಿದ್ದಾರೆ. ಸಿಲಿಕಾನ್ ಒತ್ತಿದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ ಎಂದು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸಿ. ಎಸ್. ಸ್ಮಿತ್ ಪ್ರಕಟಿಸಿದ ಮೇಲೆ ಹಲ್ಲುಗಾಲಿಯಿಲ್ಲದ ಗೇಜಿಗೆ ದಾರಿಯಾಯಿತು. ಇಂದು ಟ್ಯಾಂಕಿನ ಒತ್ತಡ ಮೆದುಗೊಳವೆಯೂ ಇಲ್ಲದೆ ಕೈಗಡಿಯಾರಕ್ಕೆ ಬರುತ್ತದೆ. ಕಿಲುಬಿನ ಹಟ ಅದಕ್ಕಿಲ್ಲ, ಒಪ್ಪುತ್ತೇನೆ. ಆದರೆ 187 ಎಂದು ಬಿಡಿ ಅಂಕೆಯವರೆಗೆ ಬರೆದು ತೋರಿಸಿದ ಮಾತ್ರಕ್ಕೆ ಅದು 187 ಎಂದು ರುಜುವಾತಾಗುವುದಿಲ್ಲ. ಅದನ್ನೂ ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದವರೇ ನಂಬಬೇಕು.

ಆರರಲ್ಲಿ ಐದನ್ನು ಹೊಸ ಚೀಟಿ ಅಂಟಿಸಿ ಕಳಿಸಿದೆ. ಚೀಟಿಯಲ್ಲಿ ಏರಿಕೆ, ಇಳಿಕೆ ಎರಡು ಸಾಲು ಬರೆದಿದ್ದೇನೆ. ಆರನೆಯದಕ್ಕೆ ಎರಡು ಹನಿ ಎಣ್ಣೆ ಬಿಟ್ಟರೆ ಆಗದೇ ಎಂದು ಹುಡುಗ ಕೇಳಿದ. ಅವನ ಎದುರಿಗೇ ಅದರ ಕೊಳವೆಯನ್ನು ಕತ್ತರಿಸಿ ಬಿಸಾಡಿದೆ.

ನೇತ್ರಾಣಿಗೋ ಅಂಡಮಾನಿಗೋ ಹೋಗುವವರಿಗೆ ನನ್ನದೊಂದು ಮಾತು. ಟ್ಯಾಂಕು ತೆರೆಯುವ ಮುಂಚೆ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಮುಳುಗಿ ಬಂದ ಮೇಲೆ ಟ್ಯಾಂಕಿನ ಕವಾಟ ಮುಚ್ಚಿ, ಮೆದುಗೊಳವೆಯ ಗಾಳಿಯನ್ನು ನಿಧಾನವಾಗಿ ಬಿಡುವಾಗ ಇನ್ನೊಮ್ಮೆ ನೋಡಿ. ಮುಳ್ಳು ತಡೆಯದೆ, ಯಾರೂ ತಟ್ಟದೆ ಸೊನ್ನೆಗೆ ಬರಬೇಕು. ನಡುವೆ ಎಲ್ಲಾದರೂ ನಿಂತರೆ, ನಾಳೆ ಆ ಗೇಜು ಕಟ್ಟಿಕೊಂಡು ಇಳಿಯಬೇಡಿ. ಬೇರೆ ಕೇಳಿ ಪಡೆಯಿರಿ.